ಹೊಸಬರನ್ನು ಕೆಲಸಕ್ಕೆ ಹಚ್ಚುವ ಐದು ದಾರಿ: ನಿಮ್ಮ ಜಾಗಕ್ಕೆ ಯಾವುದು ಹೊಂದುತ್ತದೆ?

ಐಟಿಐ, ಡಿಪ್ಲೊಮಾ ಮುಗಿಸಿದ ಹುಡುಗರು ಮಳೆಗಾಲದ ಹೊತ್ತಿಗೆ ಬೆಳಗಾವಿಯ ಉದ್ಯಮಬಾಗ್, ಮಚ್ಛೆ, ಹೊನಗಾ ಕಡೆಯ ಕಾರ್ಖಾನೆಗಳಿಗೆ ಬರತೊಡಗುತ್ತಾರೆ. ಕಬ್ಬಿನ ಹಂಗಾಮು ಹತ್ತಿರವಾದಂತೆ ಮುಧೋಳ, ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಗಳು ಜನರನ್ನು ತಗೊಳ್ಳುತ್ತವೆ. ವಿಜಯಪುರದ ಪತ್ತಿನ ಸಹಕಾರಿ ಸಂಘಗಳಲ್ಲಿ, ಬಟ್ಟೆ ಅಂಗಡಿಗಳಲ್ಲಿ, ಆಸ್ಪತ್ರೆಗಳಲ್ಲಿ ವರ್ಷವಿಡೀ ಯಾರಾದರೂ ಹೊಸದಾಗಿ ಸೇರುತ್ತಲೇ ಇರುತ್ತಾರೆ. ಜನ ಸಿಗುತ್ತಿಲ್ಲ ಎಂದು ಎಲ್ಲ ಮಾಲೀಕರೂ ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ಸಿಕ್ಕವರನ್ನು ಮೊದಲ ತಿಂಗಳು ಹೇಗೆ ನಡೆಸಿಕೊಂಡೆವು ಎಂಬ ಮಾತು ಅಪರೂಪಕ್ಕೆ ಬರುತ್ತದೆ. ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ ಎರಡನೇ ವಾರ ಸದ್ದಿಲ್ಲದೆ ಬರುವುದನ್ನು ನಿಲ್ಲಿಸಿದರೆ ಅದಕ್ಕೆ ಕಾರಣ ಬಹಳ ಸಲ ಪಗಾರ ಅಲ್ಲ, ಆ ಎರಡು ವಾರ.

ಮಾಲೀಕರು ಸಾಮಾನ್ಯವಾಗಿ ಕೇಳುವುದು ಇಷ್ಟು: "ಕ್ಲಾಸ್ ಮಾಡಿಸೂಣೇನ್ರಿ, ಇಲ್ಲಾ ಹಿರಿಯರ ಕೈಕೆಳಗ ಬಿಡೂಣೇನ್ರಿ?" ದಾರಿ ಎರಡೇ ಅಲ್ಲ, ಕನಿಷ್ಠ ಐದು ಇವೆ. ಒಂದು ಜಾಗಕ್ಕೆ ಸರಿಹೋದದ್ದು ಪಕ್ಕದ ಶೆಡ್ಡಿಗೇ ಸರಿಹೋಗದೆ ಇರಬಹುದು. ಹತ್ತರಿಂದ ನೂರು ಜನ ಇರುವ, ತರಬೇತಿಗೆಂದೇ ಬೇರೆ ವಿಭಾಗ ಇಲ್ಲದ ಜಾಗಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಐದನ್ನೂ ಹೋಲಿಸಿದ್ದೇನೆ.

ಮೊದಲ ತಪ್ಪಿನ ಬೆಲೆ ಯಾರ ಮೇಲೆ?

ಹೊಸಬರು ಮೊದಲ ವಾರ ತಪ್ಪು ಮಾಡಿಯೇ ಮಾಡುತ್ತಾರೆ. ಆ ತಪ್ಪಿನ ಬೆಲೆ ಯಾರ ಮೇಲೆ ಬೀಳುತ್ತದೆ? ದಾರಿ ಆರಿಸುವ ಮೊದಲು ಇದನ್ನು ಕೇಳಿಕೊಳ್ಳಿ. ಉಳಿದ ಪ್ರಶ್ನೆಗಳೆಲ್ಲ ಆಮೇಲೆ.

ಲೋಹ ಕರಗಿಸಿ ಎರಕ ಹೊಯ್ಯುವ ಫೌಂಡ್ರಿಯಲ್ಲಿ ಅದು ಮೈಮೇಲೆ ಬೀಳುತ್ತದೆ. ಕರಗಿದ ಕಬ್ಬಿಣ 1,300 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬಿಸಿ ಇರುತ್ತದೆ. ಒದ್ದೆ ಸ್ಕ್ರ್ಯಾಪ್ (ಹಳೆ ಕಬ್ಬಿಣ) ಕರಗಿಸುವ ಫರ್ನೇಸಿಗೆ ಬಿದ್ದರೆ ಅದರ ನೀರು ಕ್ಷಣದಲ್ಲಿ ಆವಿಯಾಗುತ್ತದೆ. ನೀರು ಆವಿಯಾದಾಗ ಸುಮಾರು 1,700 ಪಟ್ಟು ಹಿಗ್ಗುತ್ತದೆ, ಲೋಹ ಸಿಡಿದು ಸುತ್ತಲಿದ್ದವರ ಮೇಲೆ ಬೀಳುತ್ತದೆ. ಬೆಳಗಾವಿಯಲ್ಲಿ ಹೊಸಬರು ಸೇರುವುದೇ ಮಳೆಗಾಲದಲ್ಲಿ, ಹೊರಗಿಟ್ಟ ಸ್ಕ್ರ್ಯಾಪ್ ಒದ್ದೆ ಇರುವುದೂ ಅದೇ ತಿಂಗಳುಗಳಲ್ಲಿ. ಇಂಥ ಕಡೆ "ನೋಡ್ತಾ ನೋಡ್ತಾ ಕಲೀತಾನೆ" ಎನ್ನುವುದು ಅಪಾಯದ ಮಾತು.

ಕಂಪ್ಯೂಟರ್ ನಡೆಸುವ ಮಷಿನ್‌ಗಳ ಸಿಎನ್‌ಸಿ ಶಾಪಿನಲ್ಲಿ ಬೆಲೆ ಬೀಳುವುದು ಹೆಚ್ಚಾಗಿ ಮಾಲಿನ ಮೇಲೆ. ಆಫ್‌ಸೆಟ್ (ಟೂಲಿನ ಅಳತೆ) ತಪ್ಪಾಗಿ ಹಾಕಿದರೆ ಟೂಲ್ ಮುರಿಯುತ್ತದೆ, ಜಾಬ್, ಅಂದರೆ ಮಾಡುತ್ತಿದ್ದ ಭಾಗ, ರಿಜೆಕ್ಟ್ ಆಗುತ್ತದೆ. ದುಡ್ಡು ಹೋಗುತ್ತದೆ, ಬೈಗುಳ ಬೀಳುತ್ತದೆ, ಅಷ್ಟಕ್ಕೇ ಮುಗಿಯುತ್ತದೆ. ಸಹಕಾರಿ ಸಂಘದ ಕೌಂಟರಿನಲ್ಲಿ ಬೆಲೆ ಬೀಳುವುದು ನಂಬಿಕೆಯ ಮೇಲೆ. ಒಬ್ಬರ ಖಾತೆಗೆ ಹೋಗಬೇಕಾದ ಕಂತು ಅದೇ ಹೆಸರಿನ ಇನ್ನೊಬ್ಬರಿಗೆ ಹೋದರೆ ಲೆಕ್ಕ ಸಂಜೆಯೊಳಗೆ ಸರಿಯಾಗಬಹುದು, ಆದರೆ ಸುದ್ದಿ ಅಷ್ಟರಲ್ಲಿ ಓಣಿ ತುಂಬಾ ಹಬ್ಬಿರುತ್ತದೆ. ಪ್ಯಾಕಿಂಗ್, ಲೇಬಲ್ ಹಚ್ಚುವ ಕೆಲಸದಲ್ಲಿ ತಪ್ಪಾದರೆ ತೆಗೆದು ಮತ್ತೆ ಹಚ್ಚಿದರಾಯಿತು.

ಮೈಗೆ ಅಪಾಯ ಇದ್ದರೆ ಕಲಿಸುವುದು ಮೊದಲು, ಕೆಲಸ ಆಮೇಲೆ. ಮಾಲಿಗೆ ಅಪಾಯ ಇದ್ದರೆ ಒಬ್ಬರು ಪಕ್ಕದಲ್ಲಿ ನಿಲ್ಲಬೇಕು. ನಂಬಿಕೆಯ ಕೆಲಸದಲ್ಲಿ ಹೊಸಬರ ಕೈ ದಾಟಿದ ಪ್ರತಿಯೊಂದನ್ನೂ ಇನ್ನೊಂದು ಕಣ್ಣು ನೋಡಬೇಕು. ತಪ್ಪು ಅಗ್ಗವಾಗಿದ್ದರೆ ಮಾಡುತ್ತಲೇ ಕಲಿಯಲಿ ಬಿಡಿ.

ದಾರಿ 1: ಮೊದಲ ದಿನವೇ ಕೂರಿಸಿ ಎಲ್ಲ ಹೇಳುವುದು

ಹದಿನೈದು ಇಪ್ಪತ್ತು ಜನ ಒಟ್ಟಿಗೆ ಸೇರುವ ಕಡೆ ಇದು ಬೇಕು. ಎಲ್ಲರಿಗೂ ಒಂದೇ ಮಾತು ತಲುಪುತ್ತದೆ, ಸಹಿ ಮಾಡಿಸಿದರೆ ದಾಖಲೆಯೂ ಉಳಿಯುತ್ತದೆ. ಆದರೆ ಒಂದು ದಿನದಲ್ಲಿ ಹೇಳಿದ್ದರಲ್ಲಿ ಮರುವಾರಕ್ಕೆ ಉಳಿಯುವುದು ತೀರಾ ಕಡಿಮೆ. ಬೆಳಗ್ಗೆ ಹತ್ತರಿಂದ ಕಂಪನಿಯ ಇತಿಹಾಸ, ಮಧ್ಯಾಹ್ನ ರಜೆಯ ನಿಯಮ, ಸಂಜೆ ಸುರಕ್ಷತೆ ಎಂದು ಇಟ್ಟುಕೊಂಡರೆ ಎಲ್ಲಕ್ಕಿಂತ ಮುಖ್ಯವಾದ ಸುರಕ್ಷತೆಯ ಹೊತ್ತಿಗೆ ತಲೆ ತುಂಬಿಹೋಗಿರುತ್ತದೆ. ಕ್ರಮ ತಿರುಗಿಸಿ. ಸುರಕ್ಷತೆ ಬೆಳಗ್ಗೆ ಮೊದಲು ಬರಲಿ, ಅದೂ ಕುರ್ಚಿಯಲ್ಲಿ ಕೂತು ಕೇಳುವುದಲ್ಲ, ಮಷಿನ್ ಮುಂದೆ ನಿಂತು ನೋಡುವುದು. ತಿರುಗುವ ಲೇತ್ ಮುಂದೆ ಕೈಗವಸು ಯಾಕೆ ಹಾಕಬಾರದು, ಜಾಬ್ ಹಿಡಿಯುವ ಚಕ್ಕನ್ನು ಬಿಗಿಮಾಡುವ ಚಕ್ ಕೀಯನ್ನು ಚಕ್ಕಿನಲ್ಲೇ ಬಿಟ್ಟು ಮಷಿನ್ ಚಾಲೂ ಮಾಡಿದರೆ ಅದು ಎತ್ತ ಹಾರುತ್ತದೆ, ತುರ್ತು ಬಟನ್ ಎಲ್ಲಿದೆ ಎಂದು ತೋರಿಸಿ. ಆ ಬಟನ್ ಅನ್ನು ಅವರ ಕೈಯಿಂದಲೇ ಒತ್ತಿಸಿ.

ಆಮೇಲೆ ಜಾಗ ತೋರಿಸಿ. ಕುಡಿಯುವ ನೀರು, ಶೌಚಾಲಯ, ಡಬ್ಬಿ ಇಡುವ ಜಾಗ, ಗಾಡಿ ನಿಲ್ಲಿಸುವ ಜಾಗ, ಚಹಾ ಎಷ್ಟೊತ್ತಿಗೆ, ಯಾರಿಗೆ ಫೋನ್ ಮಾಡಬೇಕು. ಶೌಚಾಲಯ ಎಲ್ಲಿದೆ ಎಂದು ಕೇಳಲು ನಾಚಿ ಹೊಸ ಹುಡುಗಿ ಮಧ್ಯಾಹ್ನದವರೆಗೆ ನೀರು ಕುಡಿಯದೆ ಕೂರುವುದುಂಟು. ಎರಡು ನಿಮಿಷದ ಕೆಲಸ ಇದು, ಅದನ್ನು ಯಾರೂ ತಮ್ಮ ಕೆಲಸ ಎಂದುಕೊಳ್ಳುವುದಿಲ್ಲ. ಒಬ್ಬರ ಹೆಸರಿಗೆ ಬರೆದುಬಿಡಿ.

ಸೇರುವವರು ಒಬ್ಬರೋ ಇಬ್ಬರೋ ಆಗಿದ್ದರೆ ಕ್ಲಾಸ್ ಬೇಡ. ಒಂದು ಗಂಟೆ ಸಾಕು.

ದಾರಿ 2: ಹಿರಿಯರ ಜೊತೆ ಜೋಡಿ ಮಾಡುವುದು

ನಮ್ಮ ಕಡೆ ಅತಿ ಹೆಚ್ಚು ನಡೆಯುವುದು ಇದೇ. ಸರಿಯಾಗಿ ಮಾಡಿದರೆ ಐದರಲ್ಲಿ ಎಲ್ಲಕ್ಕಿಂತ ಒಳ್ಳೆಯದೂ ಇದೇ. ಕೈಕೆಲಸವನ್ನು ಕೈಯೇ ಕಲಿಸಬೇಕು. ಬೋರಿಂಗ್ ಮಾಡುವಾಗ ಟೂಲಿನ ಸದ್ದು ಬದಲಾದರೆ ಏನು ಅರ್ಥ, ಅಚ್ಚು ಮಾಡುವ ಮೋಲ್ಡಿಂಗ್ ಮರಳನ್ನು ಮುಷ್ಟಿಯಲ್ಲಿ ಹಿಂಡಿದಾಗ ಹೇಗೆ ನಿಲ್ಲಬೇಕು, ಇದನ್ನು ಯಾವ ಕಾಗದವೂ ಹೇಳುವುದಿಲ್ಲ.

ಆದರೆ ಹೆಚ್ಚಿನ ಕಡೆ ಇದು ಹೇಗೆ ನಡೆಯುತ್ತದೆ? ಸೂಪರ್‌ವೈಸರ್ ಹೊಸ ಹುಡುಗನನ್ನು ಕರೆದುಕೊಂಡು ಬಂದು "ಕಾಕಾ, ಇಂವಗ ಜರಾ ಕಲಿಸ್ರಿ" ಎಂದು ಹೇಳಿ ಹೋಗುತ್ತಾನೆ. ಕಾಕಾನ ದಿನದ ಟಾರ್ಗೆಟ್ ಅಷ್ಟೇ ಇರುತ್ತದೆ. ಇನ್ಸೆಂಟಿವ್ ಇದ್ದರೆ ಇನ್ನೂ ಕಷ್ಟ, ಕಲಿಸಲು ನಿಂತ ಪ್ರತಿ ನಿಮಿಷವೂ ಅವನ ಜೇಬಿನಿಂದಲೇ ಹೋಗುತ್ತದೆ. ಹಾಗಾಗಿ ಆತ ಹುಡುಗನಿಗೆ ಬರಿ (ಲೋಹದ ಚೂರು) ತಗಿ, ಕಬ್ಬಿಣ ಎತ್ತಿ ಕೊಡು, ಚಹಾ ತಾ ಎನ್ನುತ್ತಾನೆ. ಮೂರು ವಾರ ಕಳೆದರೂ ಹುಡುಗ ಮಷಿನ್ ಮುಟ್ಟಿರುವುದಿಲ್ಲ. ಇದರಲ್ಲಿ ಕಾಕಾನ ತಪ್ಪು ಏನೂ ಇಲ್ಲ. ಕಲಿಸುವ ಕೆಲಸ ಕೊಟ್ಟು ಅದಕ್ಕೆ ಹೊತ್ತು ಕೊಡದೇ ಇದ್ದವರ ತಪ್ಪು.

ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡ ನಿರ್ಧಾರ ಇಲ್ಲಿದೆ: ಕಲಿಸುವವರ ಟಾರ್ಗೆಟ್ ಇಳಿಸುತ್ತೀರಾ, ಇಲ್ಲವಾ? ಮೊದಲ ಎರಡು ವಾರ ಇಳಿಸಿ. ಇನ್ಸೆಂಟಿವ್ ಕಡಿಮೆಯಾಗುತ್ತದೆ ಎಂದರೆ ಹಿಂದಿನ ತಿಂಗಳ ಸರಾಸರಿಯನ್ನೇ ಕೊಟ್ಟುಬಿಡಿ. ಅದಕ್ಕೆ ನಿಮ್ಮ ಬಳಿ ದುಡ್ಡಿಲ್ಲ ಎಂದರೆ ಈ ದಾರಿ ನಿಮ್ಮ ಬಳಿ ಇಲ್ಲ ಎಂದೇ ತಿಳಿಯಿರಿ. ಹೆಸರಿಗೆ ಮಾತ್ರ ಜೋಡಿ ಮಾಡಿದರೆ ಹೊಸಬರೂ ಹೋಗುತ್ತಾರೆ, ಹಿರಿಯರ ಮನಸ್ಸೂ ಮುರಿಯುತ್ತದೆ.

ಇನ್ನು, ಯಾರ ಜೊತೆ? ಎಲ್ಲರಿಗಿಂತ ಚೆನ್ನಾಗಿ ಕೆಲಸ ಮಾಡುವವರೇ ಎಲ್ಲರಿಗಿಂತ ಚೆನ್ನಾಗಿ ಕಲಿಸುತ್ತಾರೆ ಎಂದೇನಿಲ್ಲ. ಇಪ್ಪತ್ತೈದು ವರ್ಷ ಲೇತ್ ನಡೆಸಿದವರ ಕೈ ತಾನಾಗಿಯೇ ಓಡುತ್ತದೆ, ಯಾಕೆ ಹೀಗೆ ಎಂದು ಕೇಳಿದರೆ ಅವರಿಗೇ ಹೇಳಲು ಬರುವುದಿಲ್ಲ. ಮೂರು ನಾಲ್ಕು ವರ್ಷ ಆದವರಿಗೆ ತಾವು ಎಲ್ಲಿ ಎಡವಿದ್ದೆವು ಎಂಬುದು ಇನ್ನೂ ನೆನಪಿರುತ್ತದೆ. ಮೊದಲ ತಿಂಗಳಿಗೆ ಅಂಥವರು ಒಳ್ಳೆಯವರು. ಕೈ ಹದವಾದ ಮೇಲೆ ಸೂಕ್ಷ್ಮ ಕೆಲಸಕ್ಕೆ ಹಳಬರ ಹತ್ತಿರ ಕಳಿಸಿ. ಅವರ ಚಟಗಳೂ ಹೊಸಬರಿಗೆ ಬರುತ್ತವೆ, ಅದನ್ನೂ ನೋಡಿಕೊಳ್ಳಿ. ಹಿರಿಯರು ಗ್ರೈಂಡರಿನ ಗಾರ್ಡ್ ತೆಗೆದಿಟ್ಟು ಕೆಲಸ ಮಾಡುತ್ತಿದ್ದರೆ ಹೊಸ ಹುಡುಗ ಗಾರ್ಡ್ ಇರುವುದೇ ಹಾಗೆ ತೆಗೆಯಲಿಕ್ಕೆ ಎಂದುಕೊಳ್ಳುತ್ತಾನೆ.

ಹೇಗೆ ಕಲಿಸಬೇಕು ಎಂಬುದಕ್ಕೆ ಹಳೆಯ, ಪಕ್ಕಾ ಕ್ರಮ ಒಂದಿದೆ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಕಾರ್ಖಾನೆಗಳಿಗೆ ಅನುಭವವೇ ಇಲ್ಲದ ಜನ ದಂಡಿಯಾಗಿ ಬಂದು ಸೇರಿದರು. ಅವರಿಗೆ ಬೇಗ ಕಲಿಸಲು ಅಲ್ಲಿನ ಸರ್ಕಾರ 1940ರಿಂದ 1945ರವರೆಗೆ 'ಟ್ರೇನಿಂಗ್ ವಿದಿನ್ ಇಂಡಸ್ಟ್ರಿ' ಎಂಬ ಕಾರ್ಯಕ್ರಮ ನಡೆಸಿತು. ಯುದ್ಧ ಮುಗಿದ ಮೇಲೆ ಅದು ಜಪಾನಿಗೂ ಹೋಯಿತು, ಟೊಯೊಟಾ ಅದನ್ನು ತನ್ನದಾಗಿಸಿಕೊಂಡಿತು. ಅದರಲ್ಲಿ ಕೆಲಸ ಕಲಿಸಲು ಇರುವುದು ನಾಲ್ಕೇ ಹೆಜ್ಜೆ. ಮೊದಲು ಕಲಿಯುವವರ ಭಯ ಬಿಡಿಸಿ, ಅವರಿಗೆ ಈಗಾಗಲೇ ಎಷ್ಟು ಗೊತ್ತು ಎಂದು ತಿಳಿದುಕೊಳ್ಳುವುದು. ಆಮೇಲೆ ಒಂದೊಂದೇ ಹಂತ ಮಾಡಿ ತೋರಿಸುತ್ತಾ, ಯಾಕೆ ಹಾಗೆ ಎಂದೂ ಹೇಳುವುದು. ಮೂರನೆಯದು ಅವರಿಂದ ಮಾಡಿಸುವುದು, ಮಾಡುವಾಗ ಅವರ ಬಾಯಿಂದಲೇ ವಿವರಣೆ ಹೇಳಿಸುವುದು. ಕೊನೆಗೆ ಒಬ್ಬರನ್ನೇ ಬಿಟ್ಟು, ಆಗಾಗ ಬಂದು ನೋಡುವುದು.

ಮೂರನೇ ಹೆಜ್ಜೆಯನ್ನು ನಮ್ಮಲ್ಲಿ ಯಾರೂ ಮಾಡುವುದಿಲ್ಲ, ನಮಗೆ ಅತಿ ಹೆಚ್ಚು ಬೇಕಾಗಿರುವುದೂ ಅದೇ. "ತಿಳೀತೇನಪಾ?" ಎಂದು ಕೇಳಿದರೆ ಹೊಸಬರು "ಹೂಂ ರೀ, ತಿಳೀತ್ರಿ" ಎನ್ನುತ್ತಾರೆ. ತಿಳಿಯದಿದ್ದರೂ ಹಾಗೇ ಅನ್ನುತ್ತಾರೆ. ಹಿರಿಯರಿಗೆ ಎದುರು ಮಾತಾಡಬಾರದು, ದಡ್ಡ ಅನ್ನಿಸಿಕೊಳ್ಳಬಾರದು ಎಂದು ಬೆಳೆದ ಮಕ್ಕಳು ಅವರು. ಅದಕ್ಕೇ "ತಿಳೀತಾ" ಎಂದು ಕೇಳಲೇಬೇಡಿ. "ಈಗ ನೀ ನನಗ ಮಾಡಿ ತೋರಸು, ಹೇಳಕೋತ ಮಾಡು" ಎನ್ನಿ. ವರ್ನಿಯರ್ ಕೊಟ್ಟು ಒಂದು ಅಳತೆ ಓದಿಸಿ. 0.02 ಮಿಲಿಮೀಟರಿನ ಗೆರೆಯನ್ನು ಅವರು ಹೇಗೆ ಲೆಕ್ಕ ಹಾಕುತ್ತಾರೆ ಎಂದು ಕೇಳಿದರೆ ನಿಜ ಅರ್ಧ ನಿಮಿಷದಲ್ಲಿ ಹೊರಗೆ ಬರುತ್ತದೆ.

ಭಾಷೆಯನ್ನೂ ನೋಡಿ ಜೋಡಿ ಮಾಡಿ. ಬೆಳಗಾವಿಯಲ್ಲಿ ಒಂದೇ ಶಾಪಿನಲ್ಲಿ ಬೈಲಹೊಂಗಲದ ಕನ್ನಡದ ಹುಡುಗ, ಖಾನಾಪುರದ ಮರಾಠಿ ಹುಡುಗ, ಬಿಹಾರದಿಂದ ಬಂದ ಹಿಂದಿಯವನು ಇರುವುದು ಮಾಮೂಲು. ನಕ್ಕು ಮಾತಾಡುವಷ್ಟು ಭಾಷೆ ಎಲ್ಲರಿಗೂ ಬರುತ್ತದೆ. ಆದರೆ ಅಪಾಯದ ವಿಷಯ ಕಲಿಸುವಷ್ಟು ಬರುತ್ತದಾ? ಕನಿಷ್ಠ ಸುರಕ್ಷತೆಯ ಮಾತನ್ನಾದರೂ ಅವರವರ ಭಾಷೆಯಲ್ಲಿ ಹೇಳುವವರು ಬೇಕು. ಹೆಣ್ಣುಮಕ್ಕಳು ಸೇರಿದರೆ ಸಾಧ್ಯವಾದಷ್ಟು ಹೆಣ್ಣುಮಕ್ಕಳ ಜೊತೆಯೇ ಜೋಡಿ ಮಾಡಿ. ಹತ್ತು ಜನ ಅಥವಾ ಜಾಸ್ತಿ ಇರುವ ಕಡೆ 2013ರ ಕಾಯ್ದೆಯಂತೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಬೇಕು. ಅದರಲ್ಲಿ ಯಾರಿದ್ದಾರೆ, ಹೇಗೆ ಭೇಟಿಯಾಗಬೇಕು ಎಂದು ಮೊದಲ ದಿನವೇ ಹೇಳಿ.

ದಾರಿ 3: ಎಲ್ಲ ವಿಭಾಗ ಸುತ್ತಿಸುವುದು

ಎಂಜಿನಿಯರ್ ಟ್ರೇನಿ, ಕ್ವಾಲಿಟಿ, ಪರ್ಚೇಸ್, ಮುಂದೆ ಸೂಪರ್‌ವೈಸರ್ ಆಗುವವರು, ಇವರಿಗೆ ಇದು ಬಹಳ ಒಳ್ಳೆಯದು. ಕ್ವಾಲಿಟಿಗೆ ಬಂದ ಹುಡುಗಿ ಮೋಲ್ಡಿಂಗ್ ನೋಡಿಯೇ ಇಲ್ಲ ಎಂದುಕೊಳ್ಳಿ. ಕಾಸ್ಟಿಂಗಿನಲ್ಲಿ (ಎರಕದ ತುಂಡಿನಲ್ಲಿ) ತೂತು ಕಂಡರೆ ರಿಜೆಕ್ಟ್ ಎಂದು ಬರೆಯುತ್ತಾಳೆ, ಅಷ್ಟೇ. ಒಂದು ವಾರ ಮರಳಿನ ಪಕ್ಕ, ಫರ್ನೇಸಿನ ಪಕ್ಕ ಕಳೆದವಳಾದರೆ ಗೊತ್ತಿರುತ್ತದೆ: ಮರಳಿನಲ್ಲಿ ತೇವ ಜಾಸ್ತಿಯಾದರೆ, ಗಾಳಿ ಹೋಗಲು ದಾರಿ ಇಲ್ಲದಿದ್ದರೆ ಬ್ಲೋ ಹೋಲ್ ಬರುತ್ತದೆ. ಲೋಹ ತಣ್ಣಗಾದ ಮೇಲೆ ಸುರಿದರೆ ಎರಡು ಹರಿವು ಕೂಡದೆ ಕೋಲ್ಡ್ ಶಟ್ ಬೀಳುತ್ತದೆ. ಆಗ ಅವಳು ರಿಜೆಕ್ಟ್ ಎಂದು ಬರೆಯುವುದರ ಜೊತೆಗೆ ಯಾರಿಗೆ ಏನು ಹೇಳಬೇಕು ಎಂದೂ ತಿಳಿದಿರುತ್ತಾಳೆ. ಮೋಲ್ಡಿಂಗಿನವರು ಅವಳ ಮಾತು ಕೇಳುತ್ತಾರೆ, ಯಾಕೆಂದರೆ ಅವರ ಮುಖ ಪರಿಚಯ ಇದೆ.

ಆಪರೇಟರ್, ಹೆಲ್ಪರ್ ಆಗಿ ಬಂದವರಿಗೆ ಇದು ಬೇಡ. ದಿನಕ್ಕೊಂದು ವಿಭಾಗ ಸುತ್ತಿದರೆ ಯಾವುದರಲ್ಲೂ ಕೈ ಕೂರುವುದಿಲ್ಲ, ಯಾವ ಗುಂಪೂ ಅವರನ್ನು ತಮ್ಮವರು ಎನ್ನುವುದಿಲ್ಲ. ಒಂದು ಗಂಟೆ ಎಲ್ಲ ತೋರಿಸಿಕೊಂಡು ಬಂದರೆ ಸಾಕು. ಟ್ರೇನಿಗಳಿಗೂ ಪ್ರತಿ ವಿಭಾಗದಲ್ಲಿ ಒಂದು ಸಣ್ಣ ಕೆಲಸ ಕೊಡಿ. ಸುಮ್ನೆ ನಿಂತು ನೋಡಿ ಬಾ ಎಂದರೆ ಎರಡನೇ ದಿನಕ್ಕೆ ಮೊಬೈಲ್ ಹೊರಗೆ ಬರುತ್ತದೆ.

ದಾರಿ 4: ಬರೆದ ಹಾಳೆ, ಮೊಬೈಲ್ ವಿಡಿಯೊ

ಜನ ಬೇಗ ಬೇಗ ಬದಲಾಗುವ ಕಡೆ, ರಾತ್ರಿ ಶಿಫ್ಟಿನಲ್ಲಿ ಹೇಳಿಕೊಡಲು ಯಾರೂ ಇಲ್ಲದ ಕಡೆ ಇದು ಆಸರೆ. ಖರ್ಚು ಇಲ್ಲವೆಂದರೂ ನಡೆಯುತ್ತದೆ. ನಿಮ್ಮದೇ ಮಷಿನ್, ನಿಮ್ಮದೇ ಆಪರೇಟರ್, ಅವರದೇ ಮಾತು, ಎರಡು ನಿಮಿಷದ ವಿಡಿಯೊ. ಒಂದರಲ್ಲಿ ಒಂದೇ ವಿಷಯ: ಶಿಫ್ಟ್ ಶುರುವಿನಲ್ಲಿ ಎಣ್ಣೆ ನೋಡುವುದು ಹೇಗೆ, ಮೊದಲ ಜಾಬ್ ಯಾರಿಗೆ ತೋರಿಸಬೇಕು, ಅಲಾರಂ ಬಂದರೆ ಏನು ಮಾಡಬೇಕು. ಕನ್ನಡದಲ್ಲೊಂದು, ಮರಾಠಿಯಲ್ಲೊಂದು, ಬೇಕಾದರೆ ಹಿಂದಿಯಲ್ಲೊಂದು ಮಾಡಿ. ಕ್ಯೂಆರ್ ಚೀಟಿ ಮಾಡಿ ಮಷಿನ್‌ಗೆ ಅಂಟಿಸಿದರೆ ಹುಡುಕುವ ತಾಪತ್ರಯ ಇಲ್ಲ. ವಾಟ್ಸ್ಆ್ಯಪ್ ಗುಂಪಿಗೆ ಹಾಕಿ ಕೈ ತೊಳೆದುಕೊಳ್ಳಬೇಡಿ, ಶುಭೋದಯಗಳ ನಡುವೆ ಅದು ಒಂದೇ ದಿನಕ್ಕೆ ಕಳೆದುಹೋಗುತ್ತದೆ.

ಹಾಳೆ ಆದರೆ ಫೋಟೊ ಜಾಸ್ತಿ, ಅಕ್ಷರ ಕಡಿಮೆ. ಮೇಲೆ ತಾರೀಖು ಇರಲಿ. ಕೆಲಸದ ಕ್ರಮ ಬದಲಾಗಿ ಹಾಳೆ ಹಳೆಯದೇ ಉಳಿದರೆ ಅದು ಇಲ್ಲದೇ ಇರುವುದಕ್ಕಿಂತ ಕೆಟ್ಟದ್ದು, ಹೊಸಬರು ಅದನ್ನೇ ನಂಬುತ್ತಾರೆ. ಇದನ್ನು ಎರಡನೇ ದಾರಿಯ ಜೊತೆಗೆ ಬಳಸಿ, ಅದರ ಬದಲಿಗೆ ಬೇಡ. ತಪ್ಪಾಗಿ ಹಿಡಿದ ಕೈಯನ್ನು ವಿಡಿಯೊ ಸರಿಮಾಡುವುದಿಲ್ಲ.

ದಾರಿ 5: ಹೊರಗೆ ಕಲಿತು ಬಂದವರು, ಅಪ್ರೆಂಟಿಸ್

ಬೆಳಗಾವಿಯಲ್ಲಿ ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಇದೆ, ಸುತ್ತಮುತ್ತ ಐಟಿಐ, ಪಾಲಿಟೆಕ್ನಿಕ್‌ಗಳಿವೆ. ಡ್ರಾಯಿಂಗ್ ಓದುವುದು, ಅಳತೆ, ಮಷಿನ್‌ನ ಮೂಲ ಪಾಠ ಅಲ್ಲಿ ಆಗಿರುತ್ತದೆ. ನಿಮ್ಮ ಜಾಬ್, ನಿಮ್ಮ ಗಿರಾಕಿ, ನಿಮ್ಮ ವೇಗ ಆಗಿರುವುದಿಲ್ಲ. ಹಾಗಾಗಿ ಕಲಿತು ಬಂದವರಿಗೆ ಏನೂ ಹೇಳಿಕೊಡಬೇಕಿಲ್ಲ ಎಂದುಕೊಳ್ಳಬೇಡಿ.

ಅಪ್ರೆಂಟಿಸ್ ತಗೊಳ್ಳುವುದನ್ನು ಸಣ್ಣ ಮಾಲೀಕರು ಇನ್ನೂ ಜಾಸ್ತಿ ಯೋಚಿಸಬೇಕು. 1961ರ ಅಪ್ರೆಂಟಿಸ್ ಕಾಯ್ದೆಯ ನಿಯಮದಂತೆ 30 ಅಥವಾ ಹೆಚ್ಚು ಜನ ಇರುವ ಕಡೆ ಇದು ಕಡ್ಡಾಯ, ಒಟ್ಟು ಜನರ ಶೇ. 2.5ರಿಂದ ಶೇ. 15ರವರೆಗೆ. ನಾಲ್ಕರಿಂದ 29 ಜನ ಇದ್ದರೆ ನಿಮ್ಮ ಇಷ್ಟ. 2016ರಲ್ಲಿ ಶುರುವಾದ ರಾಷ್ಟ್ರೀಯ ಅಪ್ರೆಂಟಿಸ್ ಉತ್ತೇಜನ ಯೋಜನೆಯಲ್ಲಿ ಸ್ಟೈಪೆಂಡಿನ ಶೇ. 25ರಷ್ಟನ್ನು, ತಿಂಗಳಿಗೆ ಒಬ್ಬರಿಗೆ ಗರಿಷ್ಠ 1,500 ರೂಪಾಯಿವರೆಗೆ, ಕೇಂದ್ರ ಸರ್ಕಾರ ಭರಿಸುತ್ತದೆ. ಆದರೆ ಅಪ್ರೆಂಟಿಸ್ ಎಂದರೆ ಕಲಿಯಲು ಬಂದವರು. ಕಡಿಮೆ ದುಡ್ಡಿಗೆ ಸಿಗುವ ಹೆಲ್ಪರ್ ಎಂದು ತಗೊಂಡು ವರ್ಷವಿಡೀ ಮಾಲು ಹೊರಿಸುವುದು ಅನ್ಯಾಯ. ಕೆಲಸದಲ್ಲಿ ಗಾಯವಾದರೆ ಪರಿಹಾರದ ಹೊಣೆ ಮಾಲೀಕರದ್ದೇ ಎಂಬುದನ್ನೂ ಕಾಯ್ದೆ ಹೇಳುತ್ತದೆ. ಒಂದು ವರ್ಷ ಕಾಯುವ ತಾಳ್ಮೆ ಇದ್ದು, ಮುಂದೆ ಕಾಯಂ ಮಾಡಿಕೊಳ್ಳುವ ಮನಸ್ಸೂ ಇದ್ದರೆ ಇದು ಒಳ್ಳೆಯ ದಾರಿ. ನಾಳೆಯೇ ಮಷಿನ್ ಮೇಲೆ ಜನ ಬೇಕು ಎನ್ನುವವರಿಗೆ ಅಲ್ಲ.

ಹಾಗಾದರೆ ಯಾರಿಗೆ ಯಾವುದು?

ಉದ್ಯಮಬಾಗಿನಲ್ಲಿ ಇಪ್ಪತ್ತೈದು ಜನರ ಮಷಿನ್ ಶಾಪ್ ಇದ್ದು, ತಿಂಗಳಿಗೆ ಒಬ್ಬರೋ ಇಬ್ಬರೋ ಸೇರುತ್ತಾರೆ ಎಂದರೆ ಎರಡನೇ ದಾರಿ ಮತ್ತು ನಾಲ್ಕನೆಯದು ಕೂಡಿ ಸಾಕು. ಮೊದಲ ಗಂಟೆ ಸುರಕ್ಷತೆ, ಆಮೇಲೆ ಜೋಡಿ, ಮಷಿನ್‌ಗೆ ಅಂಟಿಸಿದ ವಿಡಿಯೊ. ಮೊದಲ ವಾರ ಒಂದೇ ಥರದ ಜಾಬ್ ಕೊಡಿ. ದಿನಕ್ಕೊಂದು ಹೊಸ ಡ್ರಾಯಿಂಗ್ ಕೊಟ್ಟರೆ ಗೊಂದಲವಷ್ಟೇ ಉಳಿಯುತ್ತದೆ. ಫೌಂಡ್ರಿ ಆದರೆ ಮೊದಲ ದಾರಿಯನ್ನೂ ಸೇರಿಸಿ, ಒಬ್ಬನೇ ಸೇರಿದರೂ ಸರಿ. ಸುರಿಯುವ ಜಾಗಕ್ಕೆ ಮೊದಲ ವಾರ ಬಿಡಲೇಬೇಡಿ. ಮರಳಿನ ಧೂಳಿನಿಂದ ಶ್ವಾಸಕೋಶಕ್ಕೆ ಸಿಲಿಕೋಸಿಸ್ ಬರುತ್ತದೆ, ಬಂದರೆ ವಾಸಿಯಾಗುವುದಿಲ್ಲ ಎಂದು ಹೇಳಿ ಮಾಸ್ಕ್ ಕೊಡಿ. ಸುಮ್ನೆ ಮಾಸ್ಕ್ ಕೊಟ್ಟರೆ ಅದು ಕೊರಳಲ್ಲೇ ನೇತಾಡುತ್ತದೆ.

ಸಕ್ಕರೆ ಕಾರ್ಖಾನೆಯ ವಿಷಯ ಬೇರೆ. ಹಂಗಾಮು ಸಾಮಾನ್ಯವಾಗಿ ಅಕ್ಟೋಬರ್, ನವೆಂಬರಿನಲ್ಲಿ ಶುರುವಾಗುತ್ತದೆ. ಗೇಟಿನ ಮುಂದೆ ಕಬ್ಬಿನ ಟ್ರ್ಯಾಕ್ಟರ್ ಸಾಲು ನಿಂತ ಮೇಲೆ ಯಾರಿಗೂ ಕಲಿಸಲು ಪುರಸೊತ್ತು ಇರುವುದಿಲ್ಲ. ಅದಕ್ಕೇ ಹೊಸಬರನ್ನು ಆಗಸ್ಟ್, ಸೆಪ್ಟೆಂಬರಿನಲ್ಲಿ, ಮಷಿನ್ ಬಿಚ್ಚಿ ರಿಪೇರಿ ಮಾಡುವಾಗಲೇ ಕರೆಸಿಕೊಳ್ಳಿ. ಕಬ್ಬು ಸಾಗಿಸುವ ಕೇನ್ ಕ್ಯಾರಿಯರ್, ಕಬ್ಬು ಕತ್ತರಿಸುವ ಚಾಕುಗಳು, ಮಿಲ್ಲಿನ ರೋಲರ್‌ಗಳು ನಿಂತಿರುವಾಗ ಒಳಗೇನಿದೆ ಎಂದು ಕಣ್ಣಾರೆ ನೋಡಿದವರು, ಅದು ತಿರುಗುವಾಗ ಹತ್ತಿರ ಕೈ ಹಾಕುವುದಿಲ್ಲ. ಎರಡು ತಿಂಗಳ ಪಗಾರ ಜಾಸ್ತಿ ಬೀಳುತ್ತದೆ, ನಿಜ. ಹಂಗಾಮಿನ ನಡುವೆ ಮಿಲ್ಲು ಒಂದು ದಿನ ನಿಂತರೆ ಎಷ್ಟು ನಷ್ಟ ಎಂಬ ಲೆಕ್ಕ ಅದರ ಪಕ್ಕ ಇಟ್ಟು ನೋಡಿ. ಬಾಯ್ಲರ್ ಮಾತ್ರ ಯಾವ ದಾರಿಯಿಂದಲೂ ಹೊಸಬರ ಕೈಗೆ ಹೋಗಬಾರದು. ಅದಕ್ಕೆ ಪ್ರಮಾಣಪತ್ರ ಇರುವ ಅಟೆಂಡೆಂಟರೇ ಬೇಕು ಎಂದು ಕಾನೂನೇ ಹೇಳುತ್ತದೆ.

ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ಒಣದ್ರಾಕ್ಷಿ ಶೆಡ್ಡುಗಳಿಗೆ ಫೆಬ್ರುವರಿಯಿಂದ ಕೆಲವು ವಾರಗಳಿಗೆ ಮಾತ್ರ ಬರುವವರಿಗೆ ಇಷ್ಟೆಲ್ಲ ಬೇಕಿಲ್ಲ. ಅರ್ಧ ದಿನ ಸಾಕು. ಆದರೆ ದ್ರಾಕ್ಷಿ ಅದ್ದುವ ಪೊಟ್ಯಾಶಿಯಂ ಕಾರ್ಬೊನೇಟ್ ದ್ರಾವಣ ಕಣ್ಣಿಗೆ ಸಿಡಿದರೆ ಏನು ಮಾಡಬೇಕು ಎಂಬುದು ಆ ಅರ್ಧ ದಿನದಲ್ಲಿ ಇರಲೇಬೇಕು.

ವಿಜಯಪುರದ ಪತ್ತಿನ ಸಂಘದಲ್ಲಿ ಹೊಸ ಕ್ಲಾರ್ಕ್ ಸೇರಿದರೆ ಎರಡು ವಾರ ಸುತ್ತಿಸಿ: ಠೇವಣಿ, ಸಾಲ, ಪಿಗ್ಮಿ, ದಿನದ ಲೆಕ್ಕ ಮುಗಿಸುವುದು. ಆಮೇಲೆ ಕೌಂಟರ್ ಕೊಡಿ, ಆದರೆ ಮೊದಲ ತಿಂಗಳು ಪ್ರತಿ ವೋಚರಿಗೂ ಎರಡನೇ ಸಹಿ ಇರಲಿ. ಅದು ಅವಮಾನ ಅಲ್ಲ, ರಕ್ಷಣೆ ಎಂದು ಮೊದಲೇ ಹೇಳಿಬಿಡಿ. ಸದಸ್ಯರಿಗೆ "ಇವರು ಹೊಸಬರು, ಜರಾ ಹೊತ್ತು ಹಿಡೀತದ್ರಿ" ಎಂದು ಮ್ಯಾನೇಜರೇ ಹೇಳಿದರೆ ಕೌಂಟರಿನ ಹುಡುಗಿಯ ಕೈ ನಡುಗುವುದು ನಿಲ್ಲುತ್ತದೆ.

ಯಾವ ದಾರಿ ಆರಿಸಿದರೂ ಬಿಡಬಾರದ ಕಾಗದ

2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಂತೆ ಎಲ್ಲ ಕೆಲಸಗಾರರಿಗೂ ನೇಮಕಾತಿ ಪತ್ರ ಕೊಡಬೇಕು. ಕೊಡುವಾಗ ಓದಿ ಹೇಳಿ. ಶಿಫ್ಟ್, ವಾರದ ರಜೆ, ಪಗಾರ ಯಾವ ತಾರೀಖು, ಜಾತ್ರೆಗೋ ಗಣೇಶ ಹಬ್ಬಕ್ಕೋ ರಜೆ ಬೇಕಾದರೆ ಎಷ್ಟು ದಿನ ಮೊದಲು ಹೇಳಬೇಕು, ಇವು ಬಾಯಿಮಾತಿನಲ್ಲಿ ಉಳಿದರೆ ಜಗಳಕ್ಕೆ ದಾರಿ. ಊರಿಂದ ಓಡಾಡುವವರ ಬಸ್ಸಿನ ಸಮಯವನ್ನೂ ಕೇಳಿ. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲದಿರುವುದರಿಂದ ದೂರದ ಹಳ್ಳಿಯವರೂ ಕೆಲಸಕ್ಕೆ ಬರಬಲ್ಲರು. ಆದರೆ ಕೊನೇ ಬಸ್ಸು ಹೋದ ಹತ್ತು ನಿಮಿಷಕ್ಕೆ ಶಿಫ್ಟ್ ಬಿಟ್ಟರೆ ಅವರು ಬಹಳ ದಿನ ಉಳಿಯುವುದಿಲ್ಲ.

20 ಅಥವಾ ಜಾಸ್ತಿ ಜನ ಇದ್ದರೆ ಪಿಎಫ್ (ಭವಿಷ್ಯ ನಿಧಿ), 10 ಅಥವಾ ಜಾಸ್ತಿ ಜನ ಇದ್ದರೆ ಇಎಸ್ಐ (ಕಾರ್ಮಿಕರ ವಿಮೆ) ಮಾಡಿಸಬೇಕು. ಇಎಸ್ಐ ತಿಂಗಳಿಗೆ 21,000 ರೂಪಾಯಿವರೆಗೆ ಪಗಾರ ಇರುವವರಿಗೆ. ಮೊದಲು ಬೇರೆ ಕಡೆ ಕೆಲಸ ಮಾಡಿದ್ದರೆ ಪಿಎಫ್‌ನ ಹಳೆಯ ಯುಎಎನ್ ಸಂಖ್ಯೆಯನ್ನೇ (ಕೆಲಸ ಬದಲಾದರೂ ಬದಲಾಗದ ಸಂಖ್ಯೆ) ಪಡೆಯಿರಿ, ಎರಡನೆಯದು ಮಾಡಿಸಬೇಡಿ. ಹೆಸರನ್ನು ಆಧಾರ್ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ. ನಮ್ಮ ಕಡೆ ಅಪ್ಪನ ಹೆಸರು ನಡುವೆ ಬಂದು ಅಡ್ಡಹೆಸರು ಕೊನೆಗೆ ಬರುತ್ತದೆ. ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಥರ, ಆಧಾರಿನಲ್ಲಿ ಇನ್ನೊಂದು ಥರ ಇರುತ್ತದೆ. ಮುಂದೆ ಪಿಎಫ್ ತೆಗೆಯುವಾಗ ತಿಂಗಳುಗಟ್ಟಲೆ ಅಲೆಯುವುದು ಇದಕ್ಕೇ.

ಮೊದಲ ಪಗಾರದ ದಿನ ಸ್ಲಿಪ್ ಹಿಡಿದು ಹೊಸಬರ ಜೊತೆ ಐದು ನಿಮಿಷ ಕೂರಿ. ಒಟ್ಟು 18,000 ಎಂದು ಮಾತಾಗಿ ಕೈಗೆ 16,065 ಬಂದರೆ ಯಾರಿಗಾದರೂ ಮೋಸ ಹೋದೆ ಎನ್ನಿಸುತ್ತದೆ. ಮೂಲ ಪಗಾರ 15,000 ಇದ್ದರೆ ಅದರ ಶೇ. 12 ಅಂದರೆ 1,800 ಪಿಎಫ್‌ಗೆ ಹೋಗಿದೆ, ಅಷ್ಟೇ ಮೊತ್ತ ಕಂಪನಿಯೂ ತನ್ನ ಕಡೆಯಿಂದ ಕಟ್ಟುತ್ತದೆ. 18,000ದ ಶೇ. 0.75 ಅಂದರೆ 135 ರೂಪಾಯಿ ಇಎಸ್ಐಗೆ. ಅದರಿಂದ ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ. ಹೊಸಬರ ಫೋನಿನಲ್ಲೇ ಪಿಎಫ್ ಪಾಸ್‌ಬುಕ್ ತೆಗೆಸಿ, ಆ ದುಡ್ಡು ಎಲ್ಲಿ ಕೂತಿದೆ ಎಂದು ತೋರಿಸಿ. ಆ ತಿಂಗಳ ದುಡ್ಡು ಅಲ್ಲಿ ಕಾಣಲು ಕೆಲವು ದಿನ ಹಿಡಿಯಬಹುದು. ಹಾಗಾದರೆ ಮುಂದಿನ ವಾರ ಮತ್ತೊಮ್ಮೆ ಕರೆದು ತೋರಿಸಿ.